ಮಳೆಗೆ ಮೊದಲು ಮರಕ್ಕೆ ಎಣ್ಣೆ

ಹೊರಗಿನ ಮರಕ್ಕೆ ಏನಾದರೂ ಹಚ್ಚಬೇಕು ಅಂತ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ ನೋಡಿ. ಮೊದಲು ಮೇಜಿನ ಮೇಲೆ ಬರುವುದು ವಾರ್ನಿಶ್ ಡಬ್ಬ. ಹೊಳಪು ಬೇಕಾ, ಮ್ಯಾಟ್ ಬೇಕಾ ಅನ್ನುವುದು ಮುಂದಿನ ಪ್ರಶ್ನೆ. ಮರ ಯಾವುದು, ಎಲ್ಲಿ ನಿಂತಿದೆ, ಮಳೆ ಯಾವ ಬದಿಯಿಂದ ಹೊಡೆಯುತ್ತದೆ ಅಂತ ಕೇಳುವವರು ಕಡಿಮೆ. ನನಗೆ ಇವೆಲ್ಲಕ್ಕಿಂತ ಮುಖ್ಯ ಅನಿಸುವ ಪ್ರಶ್ನೆ ಇನ್ನೊಂದಿದೆ. ಹಚ್ಚಿದ್ದು ಕೆಡುವಾಗ ಹೇಗೆ ಕೆಡುತ್ತದೆ?

ಕೆಡುವುದಂತೂ ಖಂಡಿತ. ನಮ್ಮ ಮನೆ ಇರುವುದು ಘಟ್ಟದ ಬುಡದಲ್ಲಿ, ಕಾರ್ಕಳದ ಕಡೆ. ವರ್ಷಕ್ಕೆ 4000 ಮಿ.ಮೀ. ಮಳೆ ಅಂದರೆ ಇಲ್ಲಿ ಯಾರಿಗೂ ಆಶ್ಚರ್ಯ ಇಲ್ಲ. ಘಟ್ಟ ಹತ್ತಿ ಆಗುಂಬೆಗೆ ಹೋದರೆ 7000 ದಾಟುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಆಮೇಲೆ ತಿಂಗಳುಗಟ್ಟಲೆ ಸುಡು ಬಿಸಿಲು. ಇಂಥ ಊರಲ್ಲಿ ಮರದ ಮೇಲೆ ಬಳಿದ ಯಾವುದೂ ಹತ್ತು ವರ್ಷ ಬಾಳುತ್ತದೆ ಅಂತ ಡಬ್ಬದ ಮೇಲೆ ಬರೆದಿದ್ದರೆ, ಅದನ್ನು ಬರೆದವರು ಜುಲೈ-ಆಗಸ್ಟ್‌ನ ಆಟಿ ತಿಂಗಳಲ್ಲಿ ಈ ಕಡೆ ಬಂದಿಲ್ಲ ಅಂತಲೇ ಅರ್ಥ.

ವಾರ್ನಿಶ್, ಪಿಯು (ಪಾಲಿಯುರೆಥೇನ್) ಕೋಟ್ ಇವೆಲ್ಲ ಮರದ ಮೇಲೆ ಕೂರುವ ಪದರಗಳು. ಅಡಿಯಲ್ಲಿರುವ ಮರ ಮಾತ್ರ ಸುಮ್ನೆ ಕೂರುವುದಿಲ್ಲ. ಮಳೆಗಾಲದಲ್ಲಿ ಬಾಗಿಲು ದಾರಂದಕ್ಕೆ ಉಜ್ಜಿ ಮುಚ್ಚಲು ಬಾರದೆ ಹೋಗುವುದು, ಮಾರ್ಚ್‌ನಲ್ಲಿ ಅದೇ ಬಾಗಿಲಿನ ಸಂದಿಯಲ್ಲಿ ಬೆಳಕು ಕಾಣುವುದು ನೀವೂ ನೋಡಿರುತ್ತೀರಿ. ನೀರು ಕುಡಿದ ಮರ ಅಗಲಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದದಲ್ಲಿ ಮಾತ್ರ ಹೆಚ್ಚೇನೂ ಬದಲಾಗುವುದಿಲ್ಲ. ಎರಡು ಹಲಗೆ ಸೇರುವ ಮೂಲೆಯಲ್ಲಿ ಒಂದು ಅಡ್ಡಕ್ಕೆ ಹಿಗ್ಗುತ್ತಿದ್ದರೆ ಇನ್ನೊಂದು ಹಾಗೇ ಇರುತ್ತದೆ. ಅಲ್ಲಿ ವಾರ್ನಿಶ್ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ನೀರಿಗೆ ಅಷ್ಟು ಸಾಕು. ಒಳಗೆ ಹೋದ ನೀರು ಹೊರಗೆ ಬರಲು ಪದರವೇ ಬಿಡುವುದಿಲ್ಲ. ಅಡಿಯಲ್ಲಿ ಕಪ್ಪು ಮಚ್ಚೆ ಹರಡುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಇಡೀ ಹೊದಿಕೆ ಹಾವಿನ ಪೊರೆಯ ಹಾಗೆ ಸುಲಿಯತೊಡಗುತ್ತದೆ. ಆಗ ಸುಲಿದ ಜಾಗಕ್ಕೆ ಮಾತ್ರ ಬಳಿದರೆ ಆಗುವುದಿಲ್ಲ. ಪೂರ್ತಿ ಕೆರೆದು ತೆಗೆದು ಮೊದಲಿನಿಂದ ಶುರು ಮಾಡಬೇಕು. ದಳಿ ಇರುವ ಜಗಲಿಯಲ್ಲಿ ಒಂದೊಂದು ಸರಳಿನ ನಾಲ್ಕೂ ಬದಿ ಕೆರೆಯುವ ಕೆಲಸ ಶತ್ರುವಿಗೂ ಬೇಡ.

ಎಣ್ಣೆ ಹಾಗೆ ಕೆಡುವುದಿಲ್ಲ. ಅದು ಮರದೊಳಗೆ ಹೋಗುತ್ತದೆ, ಮೇಲೆ ಪದರ ಕಟ್ಟುವುದಿಲ್ಲ. ಹಾಗಾಗಿ ಸುಲಿಯಲು ಏನೂ ಇರುವುದಿಲ್ಲ. ಮೆಲ್ಲಗೆ ಬಣ್ಣ ಕಳೆದುಕೊಳ್ಳುತ್ತದೆ, ನೀರಿನ ಹನಿ ಮೊದಲಿನ ಹಾಗೆ ಉರುಳದೆ ಮರದಲ್ಲಿ ಇಂಗತೊಡಗುತ್ತದೆ. ಆಗ ತೊಳೆದು, ಒಣಗಿಸಿ, ಸ್ವಲ್ಪ ಉಜ್ಜಿ ಮತ್ತೆ ಹಚ್ಚಿದರಾಯಿತು. ಮನೆಯ ಒಳಗಿನ ಬಾಗಿಲಿಗೋ ಮುಚ್ಚಿಗೆಗೋ ವಾರ್ನಿಶ್ ಹಾಕಿದರೆ ನನ್ನ ತಕರಾರಿಲ್ಲ. ಇರಚಲು ಬೀಳುವ ಕಡೆ ನನ್ನ ಓಟು ಎಣ್ಣೆಗೆ.

ಸರಿ, ಯಾವ ಎಣ್ಣೆ?

ಇಲ್ಲಿ ತುಂಬಾ ಜನ ಅಡುಗೆಮನೆಯ ಕಡೆ ನೋಡುತ್ತಾರೆ. ತೆಂಗಿನೆಣ್ಣೆ ಹೇಗೂ ಇದೆ, ಉಯ್ಯಾಲೆಗೆ ಒರೆಸಿದರೆ ಫಳಫಳ ಹೊಳೆಯುತ್ತದೆ. ಹೊಳೆಯುವುದು ನಿಜ. ಆದರೆ ಅದು ಎಂದಿಗೂ ಒಣಗುವುದಿಲ್ಲ. ಧೂಳು ಅಂಟುತ್ತದೆ, ಕೂತವರ ಪಂಚೆಗೆ ಹತ್ತುತ್ತದೆ, ಮಳೆ ಶುರುವಾದ ಮೇಲೆ ಬೂಸಲು ಬರುತ್ತದೆ. ಮರಕ್ಕೆ ಬೇಕಾದ್ದು ಗಾಳಿಯಲ್ಲಿ ಗಟ್ಟಿಯಾಗುವ ಎಣ್ಣೆ. ಒಣಗುವುದು ಅಂತ ನಾವು ಸುಮ್ನೆ ಹೇಳುತ್ತೇವೆ, ಅಸಲಿಗೆ ಅಲ್ಲಿ ಏನೂ ಆರಿ ಹೋಗುವುದಿಲ್ಲ. ಎಣ್ಣೆ ಗಾಳಿಯ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ, ಅದರ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿಯಾಗುತ್ತವೆ. ಎಷ್ಟು ಕೊಂಡಿ ಬೀಳಬಹುದು ಅಂತ ಅಂದಾಜಿಸಲು ಅಯೋಡಿನ್ ಮೌಲ್ಯ ಅಂತ ಒಂದು ಅಳತೆ ಇದೆ. ತೆಂಗಿನೆಣ್ಣೆಯದು 10ರ ಆಸುಪಾಸು. ಎಳ್ಳೆಣ್ಣೆಯದು 110ರ ಹತ್ತಿರ. ಅಗಸೆ ಎಣ್ಣೆಯದು 170ರಿಂದ 200. ಒಂದು ಗಟ್ಟಿಯಾಗುವುದೇ ಇಲ್ಲ, ಒಂದು ಅರೆಮನಸ್ಸಿನಿಂದ ಆಗುತ್ತದೆ, ಇನ್ನೊಂದು ಪೂರ್ತಿ ಆಗುತ್ತದೆ.

ಎಳ್ಳೆಣ್ಣೆ ಅಂದಾಗ ನಮ್ಮ ಕಡೆಯವರು ಕೊಡಿಮರದ, ಅಂದರೆ ಧ್ವಜಸ್ತಂಭದ, ವಿಷಯ ತೆಗೆಯುತ್ತಾರೆ. ದೇವಸ್ಥಾನಕ್ಕೆ ಹೊಸ ಕೊಡಿಮರ ನಿಲ್ಲಿಸುವ ಮೊದಲು ತೈಲಾಧಿವಾಸ ಅಂತ ಮಾಡುತ್ತಾರೆ. ಗಂಟಿಲ್ಲದ ನೇರ ತೇಗದ ಮರವನ್ನು ಹುಡುಕಿ ತಂದು, ಕೆತ್ತಿ, ಉದ್ದದ ಎಣ್ಣೆದೋಣಿಯಲ್ಲಿ ಮಲಗಿಸಿ, ಗಿಡಮೂಲಿಕೆ ಸೇರಿಸಿದ ಎಳ್ಳೆಣ್ಣೆಯಲ್ಲಿ ತಿಂಗಳುಗಟ್ಟಲೆ ಮುಳುಗಿಸಿ ಇಡುತ್ತಾರೆ. ಊರವರು ಬಂದು ತಮ್ಮ ಪಾಲಿನ ಎಣ್ಣೆ ಹುಯ್ಯುತ್ತಾರೆ. ದೇವರ ಮರಕ್ಕೇ ಎಳ್ಳೆಣ್ಣೆ ಆಗುವುದಾದರೆ ನಮ್ಮ ಗೇಟಿಗೆ ಯಾಕಾಗಬಾರದು ಅನ್ನುವುದು ಸಹಜ ಪ್ರಶ್ನೆ. ಎರಡು ವ್ಯತ್ಯಾಸ ಇವೆ. ಒಂದು, ಅಲ್ಲಿ ಎಣ್ಣೆ ಕುಡಿಯಲು ಮರಕ್ಕೆ ತಿಂಗಳುಗಳ ಪುರುಸೊತ್ತು ಇದೆ. ನಾವು ಬ್ರಶ್ಶಿನಲ್ಲಿ ಹಚ್ಚಿದ್ದು ಹಲಗೆಯ ಮೈಯೊಳಗೆ ಹೆಚ್ಚೆಂದರೆ ಒಂದು ಮಿಲಿಮೀಟರ್ ಇಳಿದೀತು. ಎರಡು, ಎಣ್ಣೆ ಕುಡಿದ ಆ ಮರಕ್ಕೆ ಆಮೇಲೆ ತಾಮ್ರದ್ದೋ ಹಿತ್ತಾಳೆಯದ್ದೋ ತಗಡು ಹೊದಿಸುತ್ತಾರೆ, ಕೆಲವು ಕಡೆ ಬೆಳ್ಳಿ, ಬಂಗಾರವೂ ಉಂಟು. ಮಳೆ ಬಿಸಿಲು ಎರಡೂ ಮರದ ಮೈಗೆ ತಾಗುವುದೇ ಇಲ್ಲ. ಎಣ್ಣೆ ಗಟ್ಟಿಯಾಗದಿದ್ದರೂ ಅಲ್ಲಿ ನಷ್ಟ ಇಲ್ಲ. ಆ ಕೆಲಸ ಮಾಡಿದವರಿಗೆ ಇದೆಲ್ಲ ಗೊತ್ತಿತ್ತು ಅಂತಲೇ ನನ್ನ ನಂಬಿಕೆ.

ಹಾಗಾಗಿ ಬ್ರಶ್ಶು ಹಿಡಿಯುವ ನಮಗೆ ಮೊದಲ ಆಯ್ಕೆ ಅಗಸೆ. ಬಯಲುಸೀಮೆಯವರಿಗೆ ಚಟ್ನಿಪುಡಿಯಿಂದ ಪರಿಚಯ ಇರುವ ಅದೇ ಅಗಸೆ. ಅಂಗಡಿಯಲ್ಲಿ ಲಿನ್ಸೀಡ್ ಆಯಿಲ್ ಅಂತ ಕೇಳಬೇಕು. ಎರಡು ಥರ ಸಿಗುತ್ತದೆ. ಹಸಿ ಎಣ್ಣೆ ತುಂಬಾ ನಿಧಾನ. ಒಳ್ಳೆ ಬಿಸಿಲಿದ್ದರೂ ತೆಳ್ಳಗೆ ಹಚ್ಚಿದ್ದು ಗಟ್ಟಿಯಾಗಲು ದಿನಗಳು ಬೇಕು. ದಪ್ಪ ಹಚ್ಚಿದರೆ ವಾರಗಟ್ಟಲೆ ಅಂಟು. ಬಾಯ್ಲ್ಡ್ ಅಂತ ಬರುವುದು ಬೇಗ ಆಗುತ್ತದೆ. ಹೆಸರು ಹಾಗಿದ್ದರೂ ಕುದಿಸಿದ್ದಕ್ಕಿಂತ ಅದಕ್ಕೆ ಬೆರೆಸಿದ ಕೋಬಾಲ್ಟ್, ಮ್ಯಾಂಗನೀಸ್ ಲವಣಗಳ ಕೈವಾಡವೇ ಜಾಸ್ತಿ. ಅಡುಗೆಮನೆಯಿಂದ ದೂರ ಇಡಬೇಕು, ಹೊರಗಿನ ಕೆಲಸಕ್ಕೆ ಅಡ್ಡಿಯಿಲ್ಲ.

ಅಗಸೆ ಎಣ್ಣೆಗೆ ನಮ್ಮ ಹವೆಯಲ್ಲಿ ಒಂದು ದೊಡ್ಡ ದೋಷ ಇದೆ. ಬೂಸಲಿಗೆ ಅದು ಊಟ. ಗಾಳಿ ಆಡದ ಮೂಲೆಯಲ್ಲಿ, ಮರದ ನೆರಳಲ್ಲಿ ಇಟ್ಟ ಬೆಂಚಿನ ಕಾಲಿನಲ್ಲಿ ಒಂದೇ ಮಳೆಗಾಲಕ್ಕೆ ಕರಿ ಚುಕ್ಕೆ ಬೀಳುತ್ತದೆ. ಈ ವಿಷಯದಲ್ಲಿ ಚೀನಾ ಮೂಲದ ಟಂಗ್ ಆಯಿಲ್ ವಾಸಿ. ಗಟ್ಟಿಯಾದ ಮೇಲೆ ನೀರನ್ನೂ ಚೆನ್ನಾಗಿ ತಡೆಯುತ್ತದೆ, ಅಗಸೆಯಷ್ಟು ಹಳದಿಯೂ ಆಗುವುದಿಲ್ಲ. ಆದರೆ ದುಬಾರಿ, ಆನ್‌ಲೈನ್‌ನಲ್ಲೇ ತರಿಸಬೇಕು. ನಾನು ಅದನ್ನು ಊಟದ ಮೇಜಿಗೆ, ಕೈ ತಾಗುವ ಕಟಕಟೆಗೆ ಮೀಸಲಿಡುತ್ತೇನೆ. ಟೀಕ್ ಆಯಿಲ್ ಅಂತ ಮಾರುವ ಡಬ್ಬಗಳ ಬಗ್ಗೆ ಎಚ್ಚರ ಇರಲಿ. ಅದು ತೇಗದಿಂದ ತೆಗೆದ ಎಣ್ಣೆ ಅಲ್ಲ. ಸಾಮಾನ್ಯವಾಗಿ ಅಗಸೆಯೋ ಟಂಗೋ ಒಂದು ಎಣ್ಣೆ, ಜೊತೆಗೆ ತೆಳುವಾಗಿಸುವ ದ್ರವ, ಕೆಲವದರಲ್ಲಿ ಸ್ವಲ್ಪ ವಾರ್ನಿಶ್. ಕೆಟ್ಟದ್ದೇನಲ್ಲ. ಒಳಗೇನಿದೆ ಅಂತ ಓದಿ ಕೊಂಡರೆ ಸಾಕು.

ಇನ್ನು ನಮ್ಮ ಊರಿನದೇ ಎಣ್ಣೆ. ಹೊರಗಿನ ಕಂಬಕ್ಕೆ ಯಾವ ಎಣ್ಣೆ ಒಳ್ಳೆಯದು ಅಂತ ನಮ್ಮ ಬಡಗಿ ಆಚಾರ್ರನ್ನು ಕೇಳಿದರೆ ಉತ್ತರ ಸಿದ್ಧ. "ಎಂತಕ್ಕೆ ಮಾರಾಯ್ರೇ ಆ ಡಬ್ಬ ಎಲ್ಲ? ಗೇರೆಣ್ಣೆ ಬಳಿದು ಬಿಡಿ. ವರಲೆ ಆ ಬದಿಗೆ ಸುಳಿಯುದಿಲ್ಲ." ವರಲೆ ಅಂದರೆ ಗೆದ್ದಲು.

ಗೇರುಬೀಜದ ಸಿಪ್ಪೆಯನ್ನು ಮುರಿದು ನೋಡಿದವರಿಗೆ ಗೊತ್ತು, ಹೊರ ಸಿಪ್ಪೆ ಮತ್ತು ಒಳ ಸಿಪ್ಪೆಯ ನಡುವೆ ಸಣ್ಣ ಸಣ್ಣ ಗೂಡುಗಳಿವೆ. ಅದರ ತುಂಬ ಕಂದು ಬಣ್ಣದ ಅಂಟು ದ್ರವ. ಸಿಪ್ಪೆಯ ತೂಕದ ಸುಮಾರು ಕಾಲು ಭಾಗ ಅದೇ. ಕಾರ್ಕಳ, ಮಂಗಳೂರು ಕಡೆ ಗೇರುಬೀಜದ ಫ್ಯಾಕ್ಟರಿಗಳು ಬೇಕಾದಷ್ಟು ಇರುವುದರಿಂದ ಈ ಎಣ್ಣೆಗೆ ಬರ ಇಲ್ಲ. ಹಿಂದೆ ಮರದ ದೋಣಿಗಳಿಗೆ ಇದನ್ನೂ ಮೀನೆಣ್ಣೆಯನ್ನೂ ಬಳಿಯುತ್ತಿದ್ದರು. ಈಗ ದೋಣಿ ಫೈಬರ್‌ಗೆ ತಿರುಗಿದೆ. ಆದರೆ ಚಾವಣಿಯ ಪಕಾಸು, ರೀಪು, ಬೇಲಿಗೂಟಗಳಿಗೆ ಗೇರೆಣ್ಣೆ ಇನ್ನೂ ನಡೆಯುತ್ತಿದೆ. ಹುಳಕ್ಕೂ ಬೂಸಲಿಗೂ ಅದು ವಿಷ, ಜೊತೆಗೆ ಗಾಳಿಯಲ್ಲಿ ನಿಧಾನಕ್ಕೆ ಗಟ್ಟಿಯೂ ಆಗುತ್ತದೆ. ಎರಡೂ ಗುಣ ಒಂದೇ ಎಣ್ಣೆಯಲ್ಲಿ ಸಿಗುವುದು ಅಪರೂಪ.

ಹುಳಕ್ಕೆ ಆಗದ್ದು ನಮಗೂ ಆಗುವುದಿಲ್ಲ. ಹಸಿ ಗೇರೆಣ್ಣೆ ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಗುಳ್ಳೆ ಏಳುತ್ತದೆ. ಗೇರು, ಮಾವು, ಚೇರು ಮೂರೂ ಒಂದೇ ಕುಟುಂಬದ ಮರಗಳು. ಮಾವಿನ ಸೊನೆ ತಾಗಿ ತುಟಿ ಒಡೆಯುವವರು, ಚೇರಿನ ಮರದ ಹತ್ತಿರ ಹೋಗಲು ಹೆದರುವವರು ಗೇರೆಣ್ಣೆಯ ಕೆಲಸವನ್ನು ಬೇರೆಯವರಿಗೆ ಬಿಡುವುದೇ ಒಳ್ಳೆಯದು. ಬಳಿಯುವವರು ಉದ್ದ ಕೈಯ ಅಂಗಿ, ರಬ್ಬರ್ ಗ್ಲೌಸ್ ಹಾಕಿಕೊಳ್ಳಬೇಕು. ಮಿಕ್ಕ ಚಿಂದಿಯನ್ನು ಒಲೆಗೆ ಹಾಕಬಾರದು, ಹೊಗೆ ಕಣ್ಣಿಗೂ ಗಂಟಲಿಗೂ ತಗಲುತ್ತದೆ. ಬಣ್ಣವೋ, ಕಪ್ಪಿಗೆ ಹತ್ತಿರದ ಕಂದು. ಮರದ ಗೆರೆ ಕಾಣಲಿ ಅಂತ ಆಸೆ ಇದ್ದರೆ ಇದು ಆಗುವುದಿಲ್ಲ. ಆಚಾರ್ರೇ ಒಂದು ಗಡಿ ಹಾಕಿ ಕೊಟ್ಟಿದ್ದಾರೆ: "ಜನ ಒರಗುವ ಕಂಬಕ್ಕೆ ಬೇಡ. ಮಳೆ ಒರಗುವ ಕಂಬಕ್ಕೆ ಆಯ್ತು." ನಮ್ಮಲ್ಲಿ ತೋಟಕ್ಕೆ ಹೋಗುವ ತಡಮೆಯ ಗೂಟ, ಹಟ್ಟಿಯ ಮಾಡಿನ ಪಕಾಸು ಇಷ್ಟಕ್ಕೆ ಗೇರೆಣ್ಣೆ.

ಅದೇ ಗೂಟಗಳಿಗೆ ಗಾಡಿಯಿಂದ ಇಳಿಸಿದ ಹಳೇ ಎಂಜಿನ್ ಆಯಿಲ್ ಬಳಿಯುವವರೂ ಇದ್ದಾರೆ. ಗ್ಯಾರೇಜಿನಲ್ಲಿ ಪುಕ್ಕಟೆ ಸಿಗುತ್ತದೆ ಅನ್ನುವುದೊಂದೇ ಅದರ ಗುಣ. ಅದು ಗಟ್ಟಿಯಾಗುವುದಿಲ್ಲ. ಎಂಜಿನ್ ಸವೆದ ಲೋಹ, ಸುಟ್ಟ ಕಲ್ಮಶ ಎಲ್ಲವೂ ಅದರಲ್ಲಿದೆ, ಮೊದಲ ಮಳೆಗೆ ತೊಳೆದು ತೋಡಿಗೆ ಇಳಿಯುತ್ತದೆ. ತೋಡಿನ ನೀರು ಯಾರ ಬಾವಿಗೆ ಹೋಗುತ್ತದೆ ಅಂತ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ಅಲ್ವಾ?

ಬಿಸಿಲಿನ ಬಗ್ಗೆ ಒಂದು ಮಾತು. ಎಷ್ಟೇ ಒಳ್ಳೆ ಎಣ್ಣೆ ಹಚ್ಚಿದರೂ ಬಯಲಲ್ಲಿ ನಿಂತ ಮರ ಬೂದಿ ಬಣ್ಣಕ್ಕೆ ತಿರುಗುತ್ತದೆ. ಮರದ ನಾರುಗಳನ್ನು ಅಂಟಿಸಿ ಹಿಡಿದಿರುವ ಲಿಗ್ನಿನ್ ಅನ್ನುವ ವಸ್ತುವನ್ನು ಬಿಸಿಲಿನ ಅತಿನೇರಳೆ ಕಿರಣ ಒಡೆಯುತ್ತದೆ, ಮಳೆ ಅದನ್ನು ತೊಳೆದು ಹಾಕುತ್ತದೆ. ಬರಿ ಎಣ್ಣೆ ಪಾರದರ್ಶಕ. ಬೆಳಕು ನೇರ ಒಳಗೆ ಹೋಗುತ್ತದೆ. ತಡೆಯಬೇಕಾದರೆ ಎಣ್ಣೆಯಲ್ಲಿ ಬಣ್ಣದ ಪುಡಿ ಇರಬೇಕು. ಅದಕ್ಕೆ ದೂರ ಹೋಗಬೇಕಾಗಿಲ್ಲ. ನೆಲಕ್ಕೆ ಹಾಕುವ ರೆಡ್ ಆಕ್ಸೈಡ್ ಪುಡಿ ಕಬ್ಬಿಣದ ಆಕ್ಸೈಡೇ, ನಮ್ಮ ಕಾವಿ ಮಣ್ಣಿನ ಬಣ್ಣವೂ ಅದರಿಂದಲೇ. ಅಗಸೆ ಎಣ್ಣೆಗೆ ಸ್ವಲ್ಪ ಸ್ವಲ್ಪವೇ ಬೆರೆಸಿ ಬೇರೆ ಹಲಗೆಯ ಮೇಲೆ ನೋಡಿಕೊಂಡು ಹಚ್ಚಬಹುದು. ಬೇಡ ಅಂದರೆ ಬೂದಿ ಬಣ್ಣಕ್ಕೇ ಬಿಡಿ. ಹಳೇ ತೇಗದ ಬೂದಿ ಬಣ್ಣ ನನಗಂತೂ ಇಷ್ಟ. ಅದು ಮೈಮೇಲಿನ ಬದಲಾವಣೆ ಅಷ್ಟೇ, ಕೊಳೆತದ್ದಲ್ಲ.

ಹಚ್ಚುವ ಕಾಲ ಯಾವುದು ಅನ್ನುವುದರಲ್ಲೇ ಅರ್ಧ ಕೆಲಸ ಇದೆ. ದೀಪಾವಳಿ ಕಳೆದರೂ ಮರದೊಳಗೆ ಮಳೆಯ ಪಸೆ ಉಳಿದಿರುತ್ತದೆ. ಒದ್ದೆ ಮರಕ್ಕೆ ಎಣ್ಣೆ ಹಚ್ಚಿದರೆ ಪಸೆ ಒಳಗೇ ನಿಂತುಬಿಡುತ್ತದೆ. ಮರದ ತೇವ ಶೇ. 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ಎಣ್ಣೆಗೆ ಅದಕ್ಕಿಂತಲೂ ಒಣಗಿದ ಮರ ಬೇಕು, 15ರೊಳಗೆ ಇದ್ದರೆ ಒಳ್ಳೆಯದು. ಎರಡು ಮುಳ್ಳು ಚುಚ್ಚಿ ತೇವ ತೋರಿಸುವ ಸಣ್ಣ ಯಂತ್ರ ಸಿಗುತ್ತದೆ. ಇಲ್ಲದಿದ್ದರೆ ಮಕರ ಸಂಕ್ರಾಂತಿ ಕಳೆಯುವವರೆಗೆ ಕಾಯಿರಿ. ಈ ಕಡೆಯ ಲೆಕ್ಕದಲ್ಲಿ ಸಂಕ್ರಾಂತಿಯಿಂದ ಶಿವರಾತ್ರಿ ಕಳೆಯುವವರೆಗೆ ಪ್ರಶಸ್ತ. ಮೇ ತಿಂಗಳು ಬಂದ ಮೇಲೆ ನೆನಪಾಗಿ, ತಿಂಗಳ ಕೊನೆಯ ಪತ್ತನಾಜೆಯ ಹೊತ್ತಿಗೆ ಗಡಿಬಿಡಿಯಲ್ಲಿ ಬ್ರಶ್ಶು ಹಿಡಿದರೆ ಎಣ್ಣೆ ಗಟ್ಟಿಯಾಗುವ ಮೊದಲೇ ಮಳೆ ಬಂದಿರುತ್ತದೆ.

ಉಜ್ಜುವುದರಲ್ಲಿ ಅತಿ ಉತ್ಸಾಹ ಬೇಡ. ಒಳಗಿನ ಪೀಠೋಪಕರಣಕ್ಕೆ ಕೈ ಜಾರುವಷ್ಟು ನಯ ಮಾಡುತ್ತಾರೆ. ಹೊರಗಿನದಕ್ಕೆ 80ರ ಸ್ಯಾಂಡ್‌ಪೇಪರ್ ಹಾಕಿ, ಆಮೇಲೆ 120ರದ್ದು, ಅಲ್ಲಿಗೆ ನಿಲ್ಲಿಸಿ. ತೀರಾ ನಯವಾದ ಮೈ ಎಣ್ಣೆ ಕುಡಿಯುವುದಿಲ್ಲ. ಹಾವಸೆ ಹಿಡಿದಿದ್ದರೆ ಮೊದಲು ಬ್ರಶ್ಶಿನಲ್ಲಿ ತೊಳೆದು ಒಣಗಿಸಬೇಕು. ಮೊಳೆಯ ಸುತ್ತ ಶಾಯಿ ಚೆಲ್ಲಿದ ಹಾಗಿರುವ ಕಪ್ಪು ಕಲೆ, ಮರದ ಒಗರು ಕಬ್ಬಿಣದ ಜೊತೆ ಸೇರಿ ಆದದ್ದು. ಅದಕ್ಕೆ ಆಕ್ಸಾಲಿಕ್ ಆಸಿಡ್ ಹಾಕುತ್ತಾರೆ. ಹುಳಿ ಕಾಯಿ ಬಿಂಬುಳಿಯಲ್ಲಿ ಇರುವುದೂ ಅದೇ ಆಸಿಡ್. ಸಣ್ಣ ಕಲೆಗೆ ಹಿತ್ತಿಲಿನ ಬಿಂಬುಳಿ ಉಜ್ಜಿ ನೋಡಿ, ದುಡ್ಡು ಖರ್ಚಿಲ್ಲ.

ಅಂಗಳದ ಹಲಸಿನ ಬೆಂಚಿಗೆ ನಾವು ಮಾಡುವ ಕ್ರಮ ಹೇಳುತ್ತೇನೆ. ಮೊದಲ ಕೈಗೆ ಎಣ್ಣೆ ಮತ್ತು ಟರ್ಪೆಂಟೈನ್ ಸಮಸಮ. ತೆಳ್ಳಗಾದ ಎಣ್ಣೆ ಬೇಗ ಇಳಿಯುತ್ತದೆ. ಹಲಗೆಯ ಮೈಗಿಂತ ಮುಂಚೆ ಅಡ್ಡ ಕೊಯ್ದ ತುದಿಗಳಿಗೆ ಹಚ್ಚಬೇಕು. ಬೆಂಚಿನ ಕಾಲಿನ ಅಡಿ, ಕೈಯ ತುದಿ, ಕಂಬದ ತಲೆ ಇವೇ ಮರದ ಬಾಯಿಗಳು. ಬೇರಿನಿಂದ ನೀರು ಏರುತ್ತಿದ್ದ ಕೊಳವೆಗಳು ಅಲ್ಲಿ ತೆರೆದುಕೊಂಡಿರುತ್ತವೆ. ಬೆಂಚನ್ನು ತಲೆಕೆಳಗೆ ಮಾಡಿ ಕಾಲಿನ ಅಡಿಗೆ ಒಂದು ಚಮಚ ಎಣ್ಣೆ ಬಿಟ್ಟು ನೋಡಿ. ಮೊದಲು ಮಿರಿಮಿರಿ ಮಿಂಚುತ್ತದೆ, ಬ್ರಶ್ಶನ್ನು ಡಬ್ಬಕ್ಕೆ ಅದ್ದಿ ತಿರುಗುವಷ್ಟರಲ್ಲಿ ಮಂಕಾಗಿರುತ್ತದೆ. ಇನ್ನೊಂದು ಚಮಚ ಬಿಟ್ಟರೂ ಅಷ್ಟೇ. ಮಂಕಾಗುವುದು ನಿಲ್ಲುವವರೆಗೆ ಹುಯ್ಯುತ್ತಲೇ ಇರಬೇಕು. ಹಲಗೆಯ ಮೈಯಲ್ಲಿ ಹೀಗಾಗುವುದಿಲ್ಲ. ಅಲ್ಲಿ ತೆಳ್ಳಗೆ ಸವರಿ, ಹದಿನೈದಿಪ್ಪತ್ತು ನಿಮಿಷ ಬಿಟ್ಟು, ಕುಡಿಯದೆ ಉಳಿದದ್ದನ್ನು ಬಟ್ಟೆಯಲ್ಲಿ ಪೂರ್ತಿ ಒರೆಸಿ ತೆಗೆಯಬೇಕು. ಇದನ್ನು ಬಿಟ್ಟರೆ ಅದೇ ಅಂಟು ಪದರವಾಗಿ ಕೂತು ಬಿಸಿಲಿಗೆ ಸುಕ್ಕುಗಟ್ಟುತ್ತದೆ. ಮೊದಲ ಕೈ ಗಟ್ಟಿಯಾದ ಮೇಲೆ ಎರಡನೇ ಕೈ, ಬೇಕಾದರೆ ಮೂರನೆಯದು, ಟರ್ಪೆಂಟೈನ್ ಕಡಿಮೆ ಮಾಡುತ್ತ.

ಒರೆಸಿದ ಆ ಬಟ್ಟೆಯ ಬಗ್ಗೆ ದಯವಿಟ್ಟು ಗಮನ ಕೊಡಿ. ಅಗಸೆ ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಹಲಗೆಯ ಮೇಲಿದ್ದರೆ ಆ ಬಿಸಿ ಗಾಳಿಗೆ ಹೋಗುತ್ತದೆ. ಮುದ್ದೆ ಮಾಡಿ ಮೂಲೆಗೆಸೆದ ಬಟ್ಟೆಯಲ್ಲಿ ಹೋಗಲು ಜಾಗ ಇಲ್ಲ. ಬಿಸಿ ಏರಿದಷ್ಟೂ ಎಣ್ಣೆ ಇನ್ನೂ ಬೇಗ ಗಟ್ಟಿಯಾಗುತ್ತದೆ, ಇನ್ನೂ ಬಿಸಿಯಾಗುತ್ತದೆ. ಬೆಂಕಿಕಡ್ಡಿ ಇಲ್ಲದೆ ತಾನಾಗಿ ಹೊತ್ತಿಕೊಳ್ಳಬಹುದು. ಹೆದರಿಸಲು ಹೇಳುವ ಮಾತಲ್ಲ, ಮರಗೆಲಸದ ಶೆಡ್ಡುಗಳು ಹೀಗೆ ಸುಟ್ಟು ಹೋಗುತ್ತವೆ. ಬಟ್ಟೆಯನ್ನು ಬಿಡಿಸಿ, ಒಂದೇ ಪದರವಾಗಿ, ಬಯಲಲ್ಲಿ ಬೇಲಿಯ ತಂತಿಗೆ ಹರಡಿ. ಅಥವಾ ನೀರಿನ ಬಕೆಟ್ಟಿಗೆ ಹಾಕಿ.

ಎಣ್ಣೆಯಿಂದ ಆಗದ ಕೆಲಸವೂ ಇದೆ. ತೇಗ, ಹೊನ್ನೆ, ಕಿರಾಲುಬೋಗಿಯಂಥ ಮರಗಳ ಕೆಚ್ಚಿಗೆ, ಅಂದರೆ ಕಾಂಡದ ಒಳಗಿನ ಗಟ್ಟಿ ಭಾಗಕ್ಕೆ, ಹುಳವನ್ನೂ ಕೊಳೆತವನ್ನೂ ತಡೆಯುವ ತನ್ನದೇ ಶಕ್ತಿ ಇದೆ. ಆದರೆ ಯಾವ ಮರದ್ದೇ ಆಗಲಿ, ಸಿಪ್ಪೆಯ ಹತ್ತಿರದ ಬಿಳಿ ಭಾಗಕ್ಕೆ ಆ ಶಕ್ತಿ ಇರುವುದಿಲ್ಲ. ಈಗ ಸಿಗುವ ಎಳೆ ತೇಗದಲ್ಲಿ ಬಿಳಿಯೇ ಜಾಸ್ತಿ. ಮರ ಕೊರೆಯುವ ಕುಟ್ಟೆ ಹುಳ ಹಿಡಿಯುವುದೂ ಅಲ್ಲೇ. ಮೇಲೆ ಒಂದು ಮಿಲಿಮೀಟರ್ ಎಣ್ಣೆ ಹಾಕಿ ಬಿಳಿಯನ್ನು ಕೆಚ್ಚು ಮಾಡಲು ಬರುವುದಿಲ್ಲ. ಮಣ್ಣಿನಲ್ಲಿ ಹೂಳುವ ಕಂಬಕ್ಕೂ ಬ್ರಶ್ಶಿನ ಎಣ್ಣೆ ಸಾಲದು. ಅಂಥದ್ದಕ್ಕೆ ಒತ್ತಡ ಹಾಕಿ ಔಷಧಿಯನ್ನು ಮರದ ಆಳಕ್ಕೆ ಇಳಿಸುವ ವಿಧಾನವೇ ಬೇರೆ. ಜಗತ್ತಿನಾದ್ಯಂತ ಹೆಸರಾದ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮಿಶ್ರಣವನ್ನು ಕಂಡುಹಿಡಿದವರು ನಮ್ಮ ದೇಶದವರೇ, ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ, 1933ರಲ್ಲಿ. ಆರ್ಸೆನಿಕ್ ಇರುವ ಕಾರಣ ಅಮೆರಿಕದಲ್ಲಿ ಮನೆ ಬಳಕೆಗೆ ಅದನ್ನು 2003ರ ಕೊನೆಗೆ ನಿಲ್ಲಿಸಿದರು. ಮಕ್ಕಳು ಆಡುವ ಜಾಗಕ್ಕೆ ನನಗೂ ಅದು ಬೇಡ. ಕಂಬವನ್ನು ಕಲ್ಲಿನ ಪೀಠದ ಮೇಲೆ ನಿಲ್ಲಿಸಿ ಮಣ್ಣಿನಿಂದ ಎತ್ತಿ ಇಡುವ ಹಳೇ ಪದ್ಧತಿ ಇದಕ್ಕಿಂತ ಸರಳ.

ಹಳೇ ಮನೆಗಳನ್ನು ನೋಡಿದಾಗ ಇನ್ನೊಂದು ವಿಷಯ ಕಾಣುತ್ತದೆ. ಮಾಡು ಎಷ್ಟು ಮುಂದೆ ಚಾಚಿರುತ್ತದೆ! ಜಗಲಿಯ ಕಂಬಕ್ಕೆ ನೀರು ತಾಗಬಾರದು ಅನ್ನುವುದೇ ಅದರ ಲೆಕ್ಕ. ಅದೂ ಸಾಲದು ಅಂತ ಮಳೆಗಾಲಕ್ಕೆ ಮುಂಚೆ ಪಡುಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಈಗಿನ ಮನೆಗಳಲ್ಲಿ ಗೋಡೆಯಿಂದ ಒಂದಡಿ ಸಜ್ಜಾ ಬಿಟ್ಟು, ತೇಗದ ಬಾಗಿಲನ್ನು ಇರಚಲಿಗೆ ಒಡ್ಡಿ, ಯಾವ ಎಣ್ಣೆ ಒಳ್ಳೆಯದು ಅಂತ ಕೇಳುತ್ತಾರೆ. ಅವರಿಗೆ ನಾನು ಮೊದಲು ಹೇಳುವುದು ಬಾಗಿಲ ಮೇಲೆ ಒಂದು ಶೀಟು ಹಾಕಿಸಿ ಅಂತ. ಎಣ್ಣೆಯ ಮಾತು ಆಮೇಲೆ.

ನಮ್ಮಲ್ಲಿ ಈ ಸಲ ಪಡುಬದಿಯ ಕಂಬಗಳಿಗೆ ಅಗಸೆ ಎಣ್ಣೆಗೆ ರೆಡ್ ಆಕ್ಸೈಡ್ ಕಲಸಿ ಹಚ್ಚಿದ್ದೇವೆ. ಬಣ್ಣ ಜಾಸ್ತಿ ಕೆಂಪಾಯಿತು, ದೇವಸ್ಥಾನದ ಗೋಡೆ ಆಯಿತು ಅಂತ ಮನೆಯಲ್ಲಿ ಅಸಮಾಧಾನ. ಆಚಾರ್ರು ಬಂದು ಉಗುರಿನಲ್ಲಿ ಕೆರೆದು ನೋಡಿದರು. "ಒಂದು ಆಟಿ ಕಳೀಲಿ," ಅಂದರು, "ಮತ್ತೆ ಇಷ್ಟು ಕೆಂಪು ಇರುದಿಲ್ಲ."